ಕಲ್ಲಿನ ತಗ್ಗು

ಒಂದಾನೊಂದು ಕಾಲದಲ್ಲಿ, ಕಲ್ಲಿಗೂ ಕತ್ತಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಊರಾಚೆ ಒಂದು ಸಪಾಟಾದ ಕಲ್ಲಿತ್ತಂತೆ. ಊರಿನ ಕತ್ತಿಗಳೆಲ್ಲ ಮೊಂಡಾದಾಗ ಅದರ ಹತ್ತಿರ ಹೋಗಿ, ಅಕ್ಕಾ ಅಕ್ಕಾ, ಒಂದಿಷ್ಟು ಬೆನ್ನು ಕೊಡೇ ಅನ್ನುತ್ತಿದ್ದವಂತೆ. ಕಲ್ಲು ಕೊಡುತ್ತಿತ್ತಂತೆ. ಹೂಂ ಅನ್ನು, ಎನ್ನುತ್ತಿದ್ದಳು ಅಜ್ಜಿ. ಹೂಂ ಅನ್ನದಿದ್ದರೆ ಅಜ್ಜಿಯ ಕಥೆ ಎತ್ತು ಮಲಗಿದ ಗಾಡಿಯ ಹಾಗೆ ನಿಂತಲ್ಲೇ ನಿಂತುಬಿಡುತ್ತಿತ್ತು. ಹೂಂ. ಕತ್ತಿಗಳು ಹರಿತವಾದವಂತೆ, ಕಲ್ಲು ಸವೆದು ಸವೆದು ನಡುವೆ ತಗ್ಗು ಬಿತ್ತಂತೆ, ಆ ತಗ್ಗಿನಲ್ಲಿ ನೀರು ನಿಂತಿತಂತೆ, ಎಲ್ಲಿಂದಲೋ ಒಂದು ಗುಬ್ಬಿ ಬಂದು ಆ ನೀರು ಕುಡಿಯಿತಂತೆ. ಹೂಂ. ಅಷ್ಟರಲ್ಲಿ ಹೂಂ ಅನ್ನುತ್ತಿದ್ದ ಮೊಮ್ಮಗಳಿಗೆ ನಿದ್ದೆ ಬಂದುಬಿಡುತ್ತಿತ್ತು. ಪ್ರತಿ ಸಲವೂ ಅಲ್ಲೇ, ಗುಬ್ಬಿಯ ಕೊಕ್ಕು ನೀರಿಗೆ ತಾಗುವಲ್ಲೇ. ನೀರು ಕುಡಿದ ಮೇಲೆ ಗುಬ್ಬಿ ಕಲ್ಲಿಗೆ ಏನು ಹೇಳಿತು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ ಅಜ್ಜಿಯೂ ಇಲ್ಲ.

ಈಗ ಅವಳ ಮುಂದಿದ್ದ ಕಲ್ಲು ಸಪಾಟಾಗಿತ್ತು. ಅಡುಗೆಮನೆಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಸಾಣೆಕಲ್ಲು ಇಟ್ಟುಕೊಂಡು, ಬೆಳಗಿನಿಂದ ಅವಳು ಮಾವನ ಕ್ಷೌರದ ಕತ್ತಿಯನ್ನು ಮಸೆಯುತ್ತಿದ್ದಳು. ಕೊಂಬಿನ ಹಿಡಿಯೊಳಕ್ಕೆ ಮಡಚಿಕೊಳ್ಳುವ ಹಳೆಯ ಕತ್ತಿ. ಮಾವನಿಗೆ ಅವರ ಅಪ್ಪನಿಂದ ಬಂದದ್ದು, ಅವರಿಗೆ ಯಾರಿಂದ ಬಂತೋ. ಅಲಗಿನ ಮೇಲಿದ್ದ ಅಕ್ಷರಗಳು ಕಣ್ಣಿಗೆ ಕಾಣದಷ್ಟು ಸವೆದು, ಬೆರಳಿಗೆ ಮಾತ್ರ ಸಿಗುತ್ತಿದ್ದವು. ಕತ್ತಿಯ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಮಲಗಿಸಬೇಕು, ಭಾರ ಹಾಕಬಾರದು, ಮುಂದಕ್ಕೆ ತಳ್ಳಬೇಕು, ಬೆನ್ನಿನ ಮೇಲೆ ಹೊರಳಿಸಬೇಕು, ಹಿಂದಕ್ಕೆ ತರಬೇಕು. ಅವಳಿಗೆ ಬಾರದ ಕೆಲಸವೇನಲ್ಲ. ಹಳೆಯ ಕತ್ತಿಗಳನ್ನು ಕೂಡಿಡುವ ಗೀಳಿನವರು ಎಲ್ಲೆಲ್ಲಿಂದಲೋ ಪಾರ್ಸಲು ಕಳಿಸುತ್ತಿದ್ದರು, ತುಕ್ಕು ಹಿಡಿದವು, ಹಲ್ಲು ಬಿದ್ದವು. ಅವನ್ನೆಲ್ಲ ಇದೇ ಕಲ್ಲಿನ ಮೇಲೆ ಮಸೆದು, ತೂಗುಬಿಟ್ಟ ಕೂದಲು ಸೀಳುವಂತೆ ಮಾಡಿ ವಾಪಸು ಕಳಿಸಿದ್ದಳು. ಇದೊಂದು ಮಾತ್ರ ಬಗ್ಗುತ್ತಿರಲಿಲ್ಲ. ತಲೆಯಿಂದ ಕೂದಲೊಂದನ್ನು ಕಿತ್ತು, ಎರಡು ಬೆರಳಲ್ಲಿ ಹಿಡಿದು ಅಲಗಿನ ನಡುಭಾಗಕ್ಕೆ ತಾಗಿಸಿದರೆ ತುಂಡಾಗಿ ಬೀಳುತ್ತಿತ್ತು. ತುದಿಗೆ ತಾಗಿಸಿದರೆ ಬಾಗಿ, ಜಾರಿ, ಮೈ ಕೊಡವಿಕೊಂಡು ಎದ್ದು ನಿಲ್ಲುತ್ತಿತ್ತು. ಬುಡದಲ್ಲೂ ಅದೇ ಕಥೆ.

“ಇನ್ನೂ ಎಷ್ಟು ಕೂದಲು ಕೀಳ್ತೀಯೇ?” ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು. “ಅವರ ಗಡ್ಡ ಬೋಳಾಗೋದರೊಳಗೆ ನಿನ್ನ ತಲೆ ಬೋಳಾಗತ್ತೆ. ಅತ್ತೆ ಕಿತ್ತಳು ಅಂತ ಜನ ನನ್ನ ಮೇಲೆ ಹೇಳ್ತಾರೆ.”

“ಆಗತ್ತೆ ಅತ್ತೆ. ಇನ್ನು ಸ್ವಲ್ಪ.”

“ಬೆಳಗ್ಗೆಯಿಂದ ಸ್ವಲ್ಪ ಸ್ವಲ್ಪ ಅಂತಾನೇ ಇದ್ದೀಯ.” ಆಮೇಲೆ ದನಿ ಇಳಿಸಿ, ಮುಂದಿನ ಕೋಣೆಯ ಕಡೆ ಕಣ್ಣು ಹಾಯಿಸಿ, “ಪಾರ್ಸಲಲ್ಲಿ ಬಂದ ಒಳ್ಳೆ ಕತ್ತಿ ಇದ್ಯಲ್ಲ, ಅದರಲ್ಲೇ ಮಾಡಿ ಮುಗಿಸು. ಕಣ್ಣು ಮುಚ್ಚಿಕೊಂಡು ಕೂತಿರ್ತಾರೆ, ಅವರಿಗೇನು ತಿಳಿಯತ್ತೆ?”

ತಿಳಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಗಡ್ಡದ ಮೇಲೆ ಅಲಗು ಹರಿಯುವ ಸದ್ದಿನಲ್ಲೇ ಇದು ಯಾರ ಕತ್ತಿ, ಯಾವಾಗ ಮಸೆದದ್ದು ಎಂದು ಹೇಳಬಲ್ಲ ಮನುಷ್ಯ. ನಾಳೆ ಬೆಳಗ್ಗೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಗಂಟಲಿನ ಬಲಗಡೆ, ಗಡ್ಡದ ಕೆಳಗೆ, ಮೊದಲು ಬಟಾಣಿಯಷ್ಟಿದ್ದ ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು. ಅದನ್ನು ತೆಗೆಯಬೇಕು, ತೆಗೆಯುವ ಮುಂಚೆ ಗಡ್ಡ ಕತ್ತು ಎಲ್ಲ ನುಣ್ಣಗಿರಬೇಕು, ಮನೆಯಲ್ಲೇ ಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ನಮ್ಮ ಹುಡುಗರು ಮಾಡ್ತಾರೆ ಎಂದಿದ್ದರು ಡಾಕ್ಟರು. ಇನ್ನೊಂದು ಮಾತನ್ನು ಅವಳ ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಧ್ವನಿಯ ನರ ಅಲ್ಲೇ ಹಾದುಹೋಗುತ್ತದೆ, ಮಾತು ಮೊದಲಿನ ಹಾಗೆ ಇರುತ್ತದೆಂದು ಹೇಳಲಾಗದು. ಅದನ್ನು ಮಾವನಿಗೆ ಯಾರೂ ಹೇಳಿರಲಿಲ್ಲ. ಅವರಿಗೆ ಗೊತ್ತಿಲ್ಲದೆಯೂ ಇರಲಿಲ್ಲ. ಈಚೆಗೆ ಊಟಕ್ಕೆ ಕೂತಾಗ ತಮ್ಮ ಕ್ಷೌರದಂಗಡಿಯ ಹಳೆಯ ಗಿರಾಕಿಗಳ ಕಥೆಗಳನ್ನು ಒಂದರ ಮೇಲೊಂದು ಹೇಳುತ್ತಿದ್ದರು, ಖಾಲಿ ಮಾಡಬೇಕಾದ ಡಬ್ಬಿ ಎನ್ನುವ ಹಾಗೆ.

ಹೀಗೇ ಒಂದು ಊಟದ ಹೊತ್ತಿಗೆ ತಟ್ಟೆ ದೂಡಿ ಹೇಳಿಬಿಟ್ಟಿದ್ದರು. “ಈ ಊರಿನ ಕತ್ತುಗಳೆಲ್ಲ ನನ್ನ ಕೈ ಕೆಳಗೆ ಹಾದುಹೋಗಿವೆ. ನನ್ನ ಕತ್ತನ್ನ ಯಾರೋ ಹುಡುಗನ ಪ್ಲಾಸ್ಟಿಕ್ ರೇಜರಿಗೆ ಕೊಡಲ್ಲ. ನನಗೆ ಆಪರೇಷನ್ನೇ ಬೇಡ.” ತಮ್ಮ ಗಡ್ಡ ತಾವೇ ತೆಗೆದುಕೊಳ್ಳುವ ಹಾಗಿರಲಿಲ್ಲ. ಎರಡೂ ಕೈ ನಡುಗುತ್ತಿದ್ದವು. ನೀರಿನ ಲೋಟ ಹಿಡಿದರೆ ಅರ್ಧ ಅಂಗಿಗೆ. ಬಸ್ ಡಿಪೋದಲ್ಲಿ ಕೆಲಸ ಮಾಡುವ ಅವಳ ಗಂಡ, ಚಿಕ್ಕಂದಿನಿಂದಲೂ ತೆರೆದ ಕತ್ತಿ ಕಂಡರೆ ಮುಖ ಬೆಳ್ಳಗಾಗಿಸಿಕೊಳ್ಳುವವನು, “ಅಪ್ಪಾ, ಪ್ರಾಣದ ಮುಂದೆ ಗಡ್ಡದ್ದೇನು ಹಟ ನಿಂದು?” ಎಂದು ಕೂಗಾಡಿದ. ಆಗ ಅವಳ ಬಾಯಿಂದ, ಯೋಚಿಸಿ ಬಂದದ್ದಲ್ಲ, ಸಾರು ಬಡಿಸುತ್ತಿದ್ದ ಸೌಟು ಕೈಯಲ್ಲೇ ಇತ್ತು, “ನಾನು ಮಾಡ್ತೀನಿ ಮಾವ. ನಿಮ್ಮ ಕತ್ತೀಲೇ” ಎಂದು ಬಂತು. ಎಲ್ಲರೂ ಸೌಟನ್ನು ನೋಡಿದರು. ಮಾವ ದೂಡಿದ್ದ ತಟ್ಟೆಯನ್ನು ಮತ್ತೆ ಎಳೆದುಕೊಂಡು, “ಕತ್ತಿ ಕೂದಲು ತೆಗೆದರೆ ಕತ್ತು ಕೊಡ್ತೀನಿ” ಎಂದರು. “ತುದಿಯಿಂದ ಬುಡದವರೆಗೂ. ನಡುವೆ ಮಾತ್ರ ಅಲ್ಲ.”

ನಡುವೆ ಮಾತ್ರ ಅಲ್ಲ. ಅಂದರೆ ಈ ಕಲ್ಲಿನಲ್ಲಿ ನಡುಭಾಗ ಮಾತ್ರ ಹರಿತವಾಗುತ್ತದೆಂದು ಅವರಿಗೆ ಆಗಲೇ ಗೊತ್ತಿತ್ತು. ಅವಳು ಕಲ್ಲಿನ ಮೇಲೆ ನೀರು ಚಿಮುಕಿಸಿದಳು, ನೀರು ಒಂದೇ ಸಮನಾಗಿ ಹರಡಿ, ಅಂಚಿನಿಂದ ಇಳಿದು ಬಟ್ಟೆಗೆ ಸೇರಿತು. ಎಲ್ಲೂ ನಿಲ್ಲಲಿಲ್ಲ. ಮೊದಲು ನಿಲ್ಲುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಬೆಳಗಿನ ಜಾವ ಈ ಮನೆಯಲ್ಲಿ ಅವಳಿಗೆ ಎಚ್ಚರವಾಗುತ್ತಿದ್ದದ್ದೇ ಮಾವ ಕತ್ತಿ ಮಸೆಯುವ ಸದ್ದಿಗೆ, ಯಾರೋ ನಿದ್ದೆಯಲ್ಲಿ ಉಸಿರು ಎಳೆದು ಬಿಟ್ಟ ಹಾಗೆ, ಸುಯ್, ಸುಯ್. ಗೊತ್ತಿಲ್ಲದ ಮನೆ, ಗೊತ್ತಿಲ್ಲದ ಚಾವಣಿ, ಪಕ್ಕದಲ್ಲಿ ಇನ್ನೂ ಗೊತ್ತಿಲ್ಲದ ಗಂಡ. ಆ ಸದ್ದು ಮಾತ್ರ ಅಜ್ಜಿಯ ಮನೆಯಿಂದ ಜೊತೆಗೇ ಬಂದದ್ದೆಂಬಂತೆ ಇತ್ತು. ಎದ್ದು ಬಾಗಿಲ ಸಂದಿಯಿಂದ ನೋಡಿದಾಗ ಕಲ್ಲಿನ ನಡುವಿನ ತಗ್ಗಿನಲ್ಲಿ ಒಂದು ಚಮಚದಷ್ಟು ನೀರು, ಅದರಲ್ಲಿ ದೀಪ. ಗುಬ್ಬಿಯೊಂದು ಬಾಕಿ ಎಂದುಕೊಂಡಿದ್ದಳು. “ಅಲ್ಲೇ ನಿಂತು ಏನು ನೋಡ್ತೀಯಮ್ಮಾ ಕನ್ನಡಕ, ಬಾ ಕೂತುಕೋ” ಎಂದಿದ್ದರು ಮಾವ. ಅವಳು ಕನ್ನಡಕ ಹಾಕುತ್ತಿರಲಿಲ್ಲ. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು, ಅಷ್ಟಕ್ಕೇ ಆ ಹೆಸರು ಅಂಟಿತು. ಮಗ ಕಲಿಯದ ಕೆಲಸವನ್ನು ಸೊಸೆ ಕಲಿತಳು.

ಕಾರ್ಖಾನೆಯಲ್ಲಿ ಗಾಜು ಉಜ್ಜುವ ಹಲಗೆಗಳನ್ನು ಸಪಾಟಾಗಿಡುವುದೇ ಅವಳ ಪಾಲಿನ ಕೆಲಸ. ಹಲಗೆಯಲ್ಲಿ ಕೂದಲೆಳೆಯಷ್ಟು ತಗ್ಗು ಬಿದ್ದರೂ ಅಲ್ಲಿಯ ಮೇಸ್ತ್ರಿ ಅದರ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ, ಕೆಳಗಿನಿಂದ ನುಸುಳುವ ಬೆಳಕನ್ನು ಎಲ್ಲರಿಗೂ ತೋರಿಸಿ, “ಯಾರಪ್ಪಾ ಇದು, ಬಾಣಲೆ ಮಾಡಿಟ್ಟವರು?” ಎಂದು ನಗುತ್ತಿದ್ದ. ಹೊಸಬಳಿದ್ದಾಗ ಒಂದು ಸಲ ಆ ಬಾಣಲೆ ಅವಳದಾಗಿತ್ತು. ಎಲ್ಲರ ನಗು ಮುಗಿದ ಮೇಲೂ ಅವಳು ಬಾತುರೂಮಿಗೆ ಹೋಗಿ ಕೈ ತೊಳೆಯುತ್ತಲೇ ನಿಂತಿದ್ದಳು. ಆ ದಿನದಿಂದ ತಗ್ಗು ಎಂದರೆ ಅವಳಿಗೆ ಒಂದು ಅವಮಾನ. ಹೋದ ವರ್ಷ ಮಾವನಿಗೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ, ಅವರಿಗೊಂದು ಸಂತೋಷ ಕೊಡೋಣವೆಂದು, ನಿಜಕ್ಕೂ ಅಷ್ಟೇ, ಒಂದು ಭಾನುವಾರ ಗಾಜಿನ ಹಲಗೆಯ ಮೇಲೆ ಉಜ್ಜುಪುಡಿ ಹಾಕಿ ಕಲ್ಲನ್ನು ಮಗುಚಿ ತಿಕ್ಕಿದ್ದಳು. ಬಚ್ಚಲಿನ ತುಂಬ ಬೂದು ಕೆಸರು. ಸಂಜೆಯ ಹೊತ್ತಿಗೆ ಉಕ್ಕಿನ ಪಟ್ಟಿ ನಿಲ್ಲಿಸಿದರೆ ಎಲ್ಲಿಂದಲೂ ಬೆಳಕು ಬರುತ್ತಿರಲಿಲ್ಲ. ಅವಳು ಹೆಮ್ಮೆಯಿಂದ ಹಾಡಿಕೊಂಡೇ ಬಚ್ಚಲು ತೊಳೆದಿದ್ದಳು. ಈಗ ಅವಳಿಗೆ ನೆನಪಾಗಿ ಚುಚ್ಚುತ್ತಿದ್ದದ್ದು ಕಲ್ಲು ತಿಕ್ಕಿದ್ದಲ್ಲ, ಆ ಹಾಡು. ಮನೆಗೆ ಬಂದ ಮಾವ ಕಲ್ಲಿನ ಮೇಲೆ ಅಂಗೈ ಆಡಿಸಿದರು. ಹೋಯಿತು, ಬಂತು, ನಡುವೆ ನಿಂತಿತು ಅಂಗೈ. “ಹೊಸದರ ಥರ ಇದೆ” ಎಂದರು. ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ ಅವರು ಅದನ್ನು ಮುಟ್ಟಿದ್ದನ್ನು ಅವಳು ಕಂಡಿಲ್ಲ. ಕೈ ನಡುಕ ಆಗಲೇ ಶುರುವಾಗಿತ್ತು, ಅದಕ್ಕೇ ಮುಟ್ಟಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಹೇಳಿಕೊಳ್ಳುವಾಗಲೆಲ್ಲ ಅಂಗೈ ನಿಂತ ಆ ಗಳಿಗೆ ನಡುವೆ ಬಂದು ನಿಲ್ಲುತ್ತಿತ್ತು.

ಮಾರ್ಕರ್ ಪೆನ್ನು ತಂದು ಅಲಗಿನ ಬಾಯಿಯುದ್ದಕ್ಕೂ ಕಪ್ಪು ಬಳಿದಳು. ಕಲ್ಲಿನ ಮೇಲೆ ಒಂದೇ ಒಂದು ಸಲ ಎಳೆದು ಬೆಳಕಿಗೆ ಹಿಡಿದಳು. ನಡುವೆ ಮಸಿ ಅಳಿಸಿತ್ತು, ತುದಿಗೂ ಬುಡಕ್ಕೂ ಹಾಗೇ ಉಳಿದಿತ್ತು. ಅವಳು ನೋಡುತ್ತಲೇ ಇದ್ದಳು. ಮಸೆದದ್ದು ಸಾಲದು, ಇನ್ನೂ ಮಸೆಯಬೇಕು ಎಂದುಕೊಂಡಿದ್ದಳು ಇಷ್ಟು ಹೊತ್ತು. ಅದಲ್ಲ. ತಗ್ಗು ಬಿದ್ದ ಕಲ್ಲಿನಲ್ಲಿ ವರ್ಷಗಟ್ಟಲೆ ಮಲಗಿ ಎದ್ದು ಈ ಕತ್ತಿಯ ಬಾಯಿ ತಗ್ಗಿನ ಆಕಾರಕ್ಕೇ ಹೊಂದಿಕೊಂಡು, ಬಸುರಿಯ ಹೊಟ್ಟೆಯ ಹಾಗೆ ನಡುವೆ ಉಬ್ಬಿತ್ತು. ಅದಕ್ಕೆ ಮಲಗಲು ಬೇಕಾದ ಹಾಸಿಗೆಯನ್ನು ಅವಳು ಬಚ್ಚಲಿನಲ್ಲಿ ಹರಿಸಿಬಿಟ್ಟಿದ್ದಳು. ಕತ್ತಿಯನ್ನೇ ಸಪಾಟಾಗಿ ತಿಕ್ಕಬಹುದು, ಹೊಟ್ಟೆ ಕರಗುವ ತನಕ. ಆಮೇಲೆ ಅದು ಮಾವನ ಕತ್ತಿಯಾಗಿ ಉಳಿಯುವುದಿಲ್ಲ. ಮೂಗಿನ ತುದಿಗೆ ಬೆವರು ಇಳಿದು ಕಲ್ಲಿನ ಮೇಲೆ ಬಿತ್ತು. ಅದೂ ನಿಲ್ಲದೆ ಹರಡಿತು.

“ಆಯ್ತೇನಮ್ಮಾ ಕನ್ನಡಕ?” ಮುಂದಿನ ಕೋಣೆಯಿಂದ ಕೂಗು ಬಂತು.

“ಇನ್ನು ಸ್ವಲ್ಪ ಮಾವ.”

“ಅವಸರ ಇಲ್ಲ. ನಾಳೆ ಹೋಗದಿದ್ದರೆ ನನಗೇನು ನಷ್ಟ?”

“ಕೇಳಿದೆಯಾ,” ಎಂದರು ಅತ್ತೆ, ಸೊಪ್ಪಿನ ಕಡ್ಡಿಯೊಂದನ್ನು ಚಟ್ಟನೆ ಮುರಿದು. “ನಿನ್ನ ಕತ್ತಿ ಆಗದೇ ಇರಲಿ ಅಂತ ಅಲ್ಲಿ ಕೂತು ಜಪ ಮಾಡ್ತಿದ್ದಾರೆ. ಹೆದರಿಕೆ. ಹೇಳಿದರೆ ಎಲ್ಲಿ ಗಂಡಸುತನ ಕಮ್ಮಿಯಾಗತ್ತೋ.” ಕಣ್ಣು ಒರೆಸಿಕೊಂಡರು, ಸೊಪ್ಪಿಗೆ ಕಣ್ಣು ಉರಿಯುವುದಿಲ್ಲ.

ಅವಳು ಮತ್ತೆ ಕತ್ತಿ ಮಲಗಿಸಿದಳು. ತಳ್ಳಿದಳು, ಹೊರಳಿಸಿದಳು, ಎಳೆದಳು. ಬಾಗಿಲಿನಾಚೆ ಮಾವ ಕಾಣುತ್ತಿದ್ದರು, ಬೆನ್ನು ಈ ಕಡೆಗೆ. ಅಂಗಡಿ ಮುಚ್ಚಿದಾಗ ಮನೆಗೆ ಬಂದ ಆ ದೊಡ್ಡ ಕುರ್ಚಿ, ಕಾಲಿಡಲು ಕಬ್ಬಿಣದ ಹಲಗೆ, ತಲೆ ಆನಿಸಲು ದಿಂಬು. ಊರಿನವರನ್ನೆಲ್ಲ ಅದರಲ್ಲಿ ಕೂರಿಸಿದವರು ಕ್ಷೌರಕ್ಕೆಂದು ತಾವು ಒಂದು ದಿನವೂ ಅದರಲ್ಲಿ ಕೂತವರಲ್ಲ, ನಿಂತೇ ಕನ್ನಡಿಯಲ್ಲಿ ನೋಡಿಕೊಂಡು ಮುಗಿಸುತ್ತಿದ್ದರು. ಇವತ್ತು ಕೂತಿದ್ದರು, ಬೇರೆಯವರ ಮನೆಯ ಕುರ್ಚಿಯಲ್ಲಿ ಕೂತಂತೆ ಅಂಚಿನಲ್ಲಿ. ಎದುರಿನ ಕನ್ನಡಿಯಲ್ಲಿ ಅವರ ತೊಡೆಯೂ, ತೊಡೆಯ ಮೇಲಿನ ಬಲಗೈಯೂ ಕಾಣುತ್ತಿದ್ದವು. ಕೈ ಯಾವತ್ತಿನಂತೆ ನಡುಗುತ್ತಿತ್ತು. ಅವಳು ತಳ್ಳಿದಾಗ ಆ ಕೈಯೂ ತೊಡೆಯ ಮೇಲೆ ಮುಂದಕ್ಕೆ ಹೋಯಿತು. ಅವಳು ಎಳೆದಾಗ ಹಿಂದಕ್ಕೆ ಬಂತು. ಅವಳು ನಿಲ್ಲಿಸಿದಳು, ಅದೂ ನಿಂತು ನಡುಗತೊಡಗಿತು. ಮತ್ತೆ ಶುರು ಮಾಡಿದಾಗ ನಡುಕ ಎಲ್ಲೋ ಅಡಗಿ, ಕೈ ಸರಾಗವಾಗಿ ಹೊರಟಿತು. ಸದ್ದು ಕೇಳಿಕೊಂಡು ಅವರು ಅಲ್ಲಿಂದಲೇ ಮಸೆಯುತ್ತಿದ್ದರು, ಬಹುಶಃ ತಮಗೇ ಗೊತ್ತಿಲ್ಲದೆ. ಆದರೆ ಅವಳ ಕೈ ನೆಟ್ಟಗೆ ಹೋಗುತ್ತಿತ್ತು, ಅವರದು ಹಾಗಲ್ಲ. ಹೊರಡುವಾಗ ಮಣಿಕಟ್ಟು ತುಸು ಕೆಳಗೆ, ಹೋಗುತ್ತ ಹೋಗುತ್ತ ಮೇಲೆ, ಮಲಗಿದ ಮಗುವಿನ ತಲೆಯಡಿಯಿಂದ ತೋಳು ಬಿಡಿಸಿಕೊಳ್ಳುವಾಗ ಎಚ್ಚರದಿಂದ ಎತ್ತುವಷ್ಟು, ಅಷ್ಟೇ.

ಅವಳು ಹಾಗೆ ಮಾಡಿದಳು. ಮೊದಲ ಸಲ ಅಲಗು ಕಲ್ಲಿಗೆ ಕುಟ್ಟಿತು, ಅತ್ತೆ “ಅಯ್ಯೋ” ಎಂದರು. ಮತ್ತೆ ಮಸಿ ಬಳಿದಳು. ಬುಡದಿಂದ ಶುರು, ತೂಗುತ್ತ, ತುದಿಗೆ ಮುಗಿತಾಯ. ಕಲ್ಲಿನಲ್ಲಿ ಇಲ್ಲದ ತಗ್ಗನ್ನು ಮಣಿಕಟ್ಟು ಗಾಳಿಯಲ್ಲಿ ಬರೆಯಬೇಕು. ಕರಕರ ಎನ್ನುತ್ತಿದ್ದ ಸದ್ದು ಎಲ್ಲೋ ಒಂದು ಕಡೆ ತೆಳ್ಳಗಾಯಿತು, ಮತ್ತೆ ಕೆಟ್ಟಿತು, ಮತ್ತೆ ತೆಳ್ಳಗಾಗಿ ಹಾಗೇ ನಿಂತಿತು. ಸುಯ್. ಬೆಳಕಿಗೆ ಹಿಡಿದಾಗ ಅಲಗಿನ ಬಾಯಿಯಲ್ಲಿ ಮಸಿ ಎಲ್ಲೂ ಇರಲಿಲ್ಲ.

“ಈಗ ಗೊತ್ತಾಯ್ತೇನು, ಕಲ್ಲಿಗೆ ತಗ್ಗು ಹೇಗೆ ಬಿತ್ತು ಅಂತ?” ಮಾವ ತಿರುಗದೆ ಕೇಳಿದರು.

ಅವಳ ಕೈ ನಿಂತಿತು. ಕನ್ನಡಿಯಲ್ಲಿ ಅವರು ತಮ್ಮ ಬಲಗೈಯನ್ನೇ ನೋಡುತ್ತಿದ್ದರು.

“ಈ ಕೈಯ ಕೆಟ್ಟ ಚಾಳಿ ಅದು. ನೆಟ್ಟಗೆ ತಳ್ಳೋಕೆ ಬರಲೇ ಇಲ್ಲ. ಕಲ್ಲು ತಿನ್ನಬೇಡವೋ ಕತ್ತೆ ಅಂತ ನಮ್ಮಪ್ಪ ಸಾಯೋವರೆಗೂ ಬೈದರು. ಸಪಾಟು ಮಾಡ್ತೀನಿ ಮಾಡ್ತೀನಿ ಅಂತ ನಾನೂ ಮುದುಕನಾದೆ. ಆಸ್ಪತ್ರೆಯಿಂದ ಬಂದು ನೋಡ್ತೀನಿ, ನೀನು ತಿದ್ದಿಟ್ಟಿದ್ದೆ. ನಿನ್ನೆ ಮೊನ್ನೆ ಕಲಿತ ಹುಡುಗಿ, ಬಾಯಿಬಿಟ್ಟು ಒಂದು ಮಾತು ಆಡದೆ. ನಾಚಿಕೆಯಾಯ್ತಮ್ಮ.”

ಒಂದು ವರ್ಷ ಇಬ್ಬರೂ ಒಂದೇ ಕಲ್ಲನ್ನು ಕಂಡು ಕಣ್ಣು ತಪ್ಪಿಸಿದ್ದರು, ಒಂದೇ ಮನೆಯಲ್ಲಿ, ಒಂದೇ ಸಾರು ಉಂಡುಕೊಂಡು. ನಗು ಬಂತು, ನಗುವಿನ ಹಿಂದೆಯೇ ಇನ್ನೇನೋ ಬಂತು; ಎರಡನ್ನೂ ನುಂಗಿ ಅವಳು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಆ ಕಡೆ ಈ ಕಡೆ ಹೊಡೆದಳು. ಅತ್ತೆ ಎದ್ದು ಬಂದು, ತಮ್ಮ ತಲೆಯಿಂದ ಒಂದು ಬಿಳಿ ಕೂದಲು ಕಿತ್ತು ಅವಳ ಮುಂದೆ ಹಿಡಿದರು. “ನಿನ್ನದು ಸಾಕು. ಉಳಿದದ್ದಾದರೂ ಇರಲಿ.”

ಬಿಳಿ ಕೂದಲು ಬುಡದಲ್ಲಿ ತುಂಡಾಯಿತು. ನಡುವೆ ತುಂಡಾಯಿತು. ತುದಿಯಲ್ಲಿ, ಅವಳು ಉಸಿರು ಬಿಗಿಹಿಡಿದಳು, ತುಂಡಾಯಿತು. ಅದನ್ನೆಲ್ಲ ಮಾವನೆದುರು ಇನ್ನೊಮ್ಮೆ ಮಾಡಿ ತೋರಿಸಬೇಕಾಯಿತು. ಅವರು ನೋಡಿದರು, ಕತ್ತಿಗಿಂತ ಹೆಚ್ಚಾಗಿ ಆ ಕೂದಲನ್ನು. “ಇದು ಯಾರದು?” ಎಂದು ಕೇಳಿ, ಹೆಂಡತಿಯ ಕಡೆ ನೋಡಿ, ತಲೆಯನ್ನು ದಿಂಬಿಗೆ ಆನಿಸಿದರು. ಕತ್ತು ಮೇಲೆ ಬಂತು.

ಬಿಸಿನೀರಿನ ಬಟ್ಟೆ, ಸೋಪು, ಬ್ರಷ್ಷು. ಎರಡು ವಾರದಿಂದ ಅವಳು ಗಂಡನ ಮುಂಗೈಯ ಮೇಲೆ ಬೇರೆ ಕತ್ತಿಗಳಲ್ಲಿ ಅಭ್ಯಾಸ ಮಾಡಿದ್ದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಕೈ ಚಾಚಿ ಕೂರುತ್ತಿದ್ದ, ಅರ್ಧ ಬೋಳಾದ ಆ ಕೈ ನೋಡಿ ಡಿಪೋದವರು ಯಾವ ಕಾಯಿಲೆ ಮಾರಾಯಾ ಎಂದು ಕೇಳಿದ್ದರಂತೆ. ಮುಂಗೈ ಬೇರೆ, ಮುಖ ಬೇರೆ. ಈ ಮುಖವನ್ನು ಅವಳು ಇಷ್ಟು ವರ್ಷ ಎದುರು ಕೂತು ನೋಡಿದ್ದಳು, ಮುಟ್ಟಿರಲಿಲ್ಲ. ಹೆಬ್ಬೆರಳು ಕೆನ್ನೆಗೆ ತಾಗಿದಾಗ ಇಬ್ಬರೂ ಒಂದು ಕ್ಷಣ ಬೇರೆ ಕಡೆ ನೋಡಿದರು. ಚರ್ಮ ಅವಳು ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು, ಹಳೆಯ ದಿಂಬಿನ ಬಟ್ಟೆಯ ಹಾಗೆ. ಕೆನ್ನೆ ಎಳೆದು ಹಿಡಿದು ಮೊದಲ ಸಲ ಅಲಗು ಇಳಿಸಿದಳು. ಸದ್ದು ಬಂತು. ಮಾವನ ಹುಬ್ಬು ಒಂದಿಷ್ಟು ಏರಿ ಇಳಿಯಿತು.

ಕೆನ್ನೆಗಳು ಮುಗಿದವು. ಕುರ್ಚಿಯ ಕೈಗಳನ್ನು ಹಿಡಿದಿದ್ದ ಅವರ ಕೈಗಳು ನಡುಗಿ ಕುರ್ಚಿಯೆಲ್ಲ ಸಣ್ಣಗೆ ನಡುಗುತ್ತಿತ್ತು, ಕಬ್ಬಿಣದ ಹಲಗೆ ಗಿರಗಿರ ಎನ್ನುತ್ತಿತ್ತು. ಹೀಗೆ ಕುತ್ತಿಗೆಗೆ ಇಳಿಯುವುದು ಹೇಗೆ? ಗಂಟು ಸೋಪಿನ ನೊರೆಯ ಕೆಳಗೆ ಬೆಚ್ಚಗೆ, ತನ್ನ ಪಾಡಿಗೆ ತಾನಿತ್ತು. ಏನು ಮಾಡಲೂ ತೋಚದೆ, ಮಗುವಿಗೆ ಅನ್ನ ಉಣಿಸುವಾಗ ಬರುವ ದನಿಯಲ್ಲಿ, “ಒಂದಾನೊಂದು ಕಾಲದಲ್ಲಿ, ಮಾವ, ಒಂದು ಕಲ್ಲಿತ್ತಂತೆ” ಎಂದಳು.

“ಹೂಂ” ಎಂದರು ಮಾವ.

ಹೂಂ ಗಂಟಲಿನಲ್ಲಿ ಹುಟ್ಟಿ ಅವಳ ಹೆಬ್ಬೆರಳಿಗೆ ಏರಿತು. ಅವಳು ಅಲಗನ್ನು ಎತ್ತಿ ಹಿಡಿದಳು. “ಹೂಂ ಅನ್ನಬೇಡಿ ಮಾವ. ಕತ್ತು ಅಲ್ಲಾಡತ್ತೆ.”

“ಹೂಂ ಅನ್ನದಿದ್ದರೆ ಕಥೆ ಹೇಗೆ ಹೇಳ್ತೀಯ?”

ಅದೂ ನಿಜವೇ. ಆಮೇಲೆ ಅವಳು ಹೂಂಗಾಗಿ ಕಾಯುವುದನ್ನು ಕಲಿತಳು. ಒಂದು ಮಾತು, ಒಂದು ಹೂಂ, ಹೂಂ ತಣಿದ ಮೇಲೆ ಒಂದು ಎಳೆತ. ಊರಾಚೆ ಇತ್ತಂತೆ. ಹೂಂ. ಕತ್ತಿಗಳೆಲ್ಲ ಬಂದು ಅಕ್ಕಾ ಬೆನ್ನು ಕೊಡೇ ಅಂದವಂತೆ. ಹೂಂ. ಪ್ರತಿಯೊಂದು ಹೂಂ ಅನ್ನೂ ಅವಳು ಹೆಬ್ಬೆರಳಲ್ಲಿ ಹಿಡಿದುಕೊಂಡಳು, ನಾಳೆಗೆ ಎನ್ನುವ ಹಾಗೆ. ಗದ್ದದ ಕೆಳಗಿನಿಂದ ಎಡಕ್ಕೆ, ಎಡದಿಂದ ಗಂಟಲ ನಡುವಿಗೆ. ಸಪಾಟಾದ ಕತ್ತಿಯಾಗಿದ್ದರೆ ಗಂಟಿನ ಮೇಲೆ ಎರಡೂ ಅಂಚು ತೊಡರುತ್ತಿದ್ದವು. ಈ ಕತ್ತಿಗೆ ಹೊಟ್ಟೆ ಇದ್ದುದರಿಂದ ಒಂದು ಸಲಕ್ಕೆ ಉಗುರಿನಷ್ಟೇ ಜಾಗ ತಾಗುತ್ತ, ಉಬ್ಬನ್ನು ಏರಿ, ಇಳಿದು, ಹಿಂಬದಿಯ ಮಡಿಕೆಯೊಳಗೂ ಹೋಗಿ ಬಂತು. ಕಲ್ಲಿಗೆ ತಗ್ಗು ಬಿತ್ತಂತೆ. ಹೂಂ, ಸಣ್ಣಗೆ. ತಗ್ಗಿನಲ್ಲಿ ನೀರು ನಿಂತಿತಂತೆ. ಹೂಂ ಬಂತೋ ಇಲ್ಲವೋ. ಒಂದು ಗುಬ್ಬಿ ಬಂದು ನೀರು ಕುಡಿಯಿತಂತೆ.

ಹೂಂ ಬರಲಿಲ್ಲ.

ಅವಳು ಕಾದಳು. ಹೆಬ್ಬೆರಳ ಕೆಳಗೆ ಏನೂ ಏಳಲಿಲ್ಲ. ಅಲಗನ್ನು ತಿರುವಿ ನೋಡಿದಳು, ನೊರೆ ಬೆಳ್ಳಗೇ ಇತ್ತು, ಕೆಂಪು ಎಲ್ಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದಳು. ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಕೆಳಗೆ ತೋರಿಸಿದರು. ಕಬ್ಬಿಣದ ಹಲಗೆಯ ಗಿರಗಿರ ನಿಂತಿತ್ತು. ಕುರ್ಚಿಯ ಕೈಯಿಂದ ಜಾರಿದ ಮಾವನ ಎರಡೂ ಕೈಗಳು ಮಡಿಲಲ್ಲಿ ಅಂಗೈ ಮೇಲಾಗಿ, ಬೆರಳು ತುಸು ಮಡಿಚಿ, ನೀರು ನಿಲ್ಲುವಂತೆ ಬಿದ್ದಿದ್ದವು. ಮೂಗಿನ ಕೆಳಗಿನ ನೊರೆಯ ಒಂದು ಗುಳ್ಳೆ ಉಬ್ಬಿತು, ಇಳಿಯಿತು. ಹಿಂದೊಮ್ಮೆ, ಅವಳಿಗೆ ಕತ್ತಿ ಹಿಡಿಯುವುದನ್ನು ಕಲಿಸುತ್ತ, ಗಿರಾಕಿ ಹೊಗಳಿದರೆ ನಂಬಬೇಡ, ನಿದ್ದೆ ಹೋದರೆ ನಂಬು ಎಂದಿದ್ದರು.

ಮೇಲ್ದುಟಿ ಒಂದು ಬಾಕಿಯಿತ್ತು. ಗುಬ್ಬಿ ಆಮೇಲೆ ಏನು ಹೇಳಿತೆಂದು ಯಾರೂ ಕೇಳುತ್ತಿರಲಿಲ್ಲ. ತಾನು ನಿದ್ದೆ ಹೋದ ಮೇಲೆ ಅಜ್ಜಿ ಉಳಿದದ್ದನ್ನು ಕತ್ತಲೆಗೆ ಹೇಳಿ ಮುಗಿಸುತ್ತಿದ್ದಳೋ, ಅಥವಾ ಹೀಗೇ, ಅಷ್ಟಕ್ಕೇ ನಿಲ್ಲಿಸಿ, ಕೈಗೆ ಬಂದ ಕೆಲಸ ನೋಡುತ್ತಿದ್ದಳೋ. ಅವಳು ಉಸಿರು ಹಿಡಿದು, ಮಾವನ ಉಸಿರು ಹೊರಬಂದು ನಿಂತ ಗಳಿಗೆಯಲ್ಲಿ, ಮೂಗಿನ ಕೆಳಗಿನಿಂದ ತುಟಿಯ ಅಂಚಿನವರೆಗೆ ಮಣಿಕಟ್ಟು ತೂಗಿ ಅಲಗು ಇಳಿಸಿದಳು. ಒಂದು ಸಲ ಈ ಕಡೆ. ಒಂದು ಸಲ ಆ ಕಡೆ. ಬೆಚ್ಚಗಿನ ಬಟ್ಟೆಯಿಂದ ಮುಖವನ್ನು ಒತ್ತಿ ಒರೆಸಿದಳು, ಆಮೇಲೆ ಕತ್ತಿಯನ್ನು. ಸದ್ದಾಗದಂತೆ ಹಿಡಿಯೊಳಕ್ಕೆ ಮಡಚಿದಳು.